ಹುಡ್ ಟು ಕೋಸ್ಟ್ ರಿಲೇಗೆ ತಂಡ ಕಟ್ಟುವವರು ಮೊದಲು ಯಾರನ್ನು ಹುಡುಕಬೇಕು?

ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಒಟ್ಟಿಗೆ ಕೆಲಸ ಮಾಡುವ ಹನ್ನೆರಡು ಮಂದಿ ಸ್ನೇಹಿತರು ಮುಂದಿನ ಆಗಸ್ಟ್‌ನಲ್ಲಿ ಅಲ್ಲಿನ ಹುಡ್ ಟು ಕೋಸ್ಟ್, ಅಂದರೆ ತಂಡದವರು ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಓಡುವ ದೂರದ ರಿಲೇ, ಓಡಬೇಕೆಂದಿದ್ದೀರಿ. ನಿಮ್ಮಲ್ಲಿ ಯಾರೂ ಹತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿದವರಲ್ಲ, ಇದು ನಮ್ಮಿಂದಾಗುವ ಕೆಲಸವೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಬೀವರ್ಟನ್ನಿನ ಕನ್ನಡಿಗ ಗೆಳೆಯರ ತಂಡದಲ್ಲಿ ಈ ಓಟವನ್ನು ಓಡಿದವನಾಗಿ, ಆ ತಂಡಕ್ಕೆ ವ್ಯಾನ್ ಓಡಿಸಿದವನೂ ಆಗಿ ಹೇಳುತ್ತಿದ್ದೇನೆ: ಇಲ್ಲಿ ತಂಡಗಳು ಬಳಲುವುದು ಓಡುವ ಗಂಟೆಗಳಲ್ಲಿ ಅಲ್ಲ, ಓಡದೆ ಇರುವ ಗಂಟೆಗಳಲ್ಲಿ. ಆದ್ದರಿಂದ ನಿಮ್ಮ ತಯಾರಿಯ ಅರ್ಧ ಭಾಗವಾದರೂ ಆ ಗಂಟೆಗಳಿಗೆ ಮೀಸಲಾಗಿರಲಿ.

1982ರಲ್ಲಿ ಎಂಟು ತಂಡಗಳೊಂದಿಗೆ ಬಾಬ್ ಫೂಟ್ ಅವರು ಆರಂಭಿಸಿದ ಈ ರಿಲೇ ಈಗ ಸಾವಿರಕ್ಕೂ ಹೆಚ್ಚು ತಂಡಗಳು ಪಾಲ್ಗೊಳ್ಳುವ ಓಟವಾಗಿದೆ. ಮೌಂಟ್ ಹುಡ್ ಪರ್ವತದ ಮೇಲೆ ಸುಮಾರು 6,000 ಅಡಿ ಎತ್ತರದಲ್ಲಿರುವ ಟಿಂಬರ್‌ಲೈನ್ ಲಾಡ್ಜ್‌ನಿಂದ ಹೊರಟು, ಪೋರ್ಟ್‌ಲ್ಯಾಂಡ್ ನಗರವನ್ನು ಹಾಯ್ದು, ಕೋಸ್ಟ್ ರೇಂಜ್ ಬೆಟ್ಟಗಳನ್ನು ದಾಟಿ, ಪೆಸಿಫಿಕ್ ಸಾಗರದ ದಂಡೆಯ ಸೀಸೈಡ್ ಊರಿನಲ್ಲಿ ಮುಗಿಯುವ ಈ ದಾರಿಯ ಉದ್ದ ಸುಮಾರು 199 ಮೈಲಿ, ಅಂದರೆ 320 ಕಿಲೋಮೀಟರ್. ಇದನ್ನು 36 ಹಂತಗಳಾಗಿ ಹಂಚಿದ್ದಾರೆ. ಹನ್ನೆರಡು ಜನರಿದ್ದರೆ ಒಬ್ಬೊಬ್ಬರಿಗೆ ಮೂರು ಹಂತಗಳು ಬರುತ್ತವೆ. ಸರಾಸರಿ ಲೆಕ್ಕದಲ್ಲಿ ತಲಾ 27 ಕಿಲೋಮೀಟರಿನಷ್ಟಾಗುತ್ತದೆ, ಅದೂ ಒಂದೇ ಉಸಿರಿಗಲ್ಲ. ಮೊದಲ ಆರು ಜನ ಒಂದು ವ್ಯಾನಿನಲ್ಲಿ, ಉಳಿದ ಆರು ಜನ ಇನ್ನೊಂದರಲ್ಲಿ ಇರುತ್ತೀರಿ. ಒಂದು ವ್ಯಾನಿನವರು ಸರದಿಯಲ್ಲಿ ಓಡುತ್ತಿರುವಾಗ ಇನ್ನೊಂದು ವ್ಯಾನಿನವರಿಗೆ ಬಿಡುವು.

ಆ ಬಿಡುವು ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದು ನೋಡಿ, ಆಗ ಓಟದ ಸ್ವರೂಪ ಅರ್ಥವಾಗುತ್ತದೆ. ಮೈಲಿಗೆ ಹತ್ತು ನಿಮಿಷದ ವೇಗದಲ್ಲಿ ಓಡುವ ತಂಡ ಶುಕ್ರವಾರ ಬೆಳಿಗ್ಗೆ ಆರಕ್ಕೆ ಬೆಟ್ಟದಿಂದ ಹೊರಟಿತೆಂದಿಟ್ಟುಕೊಳ್ಳಿ. ಮೊದಲ ವ್ಯಾನ್ ಸುಮಾರು ಹನ್ನೊಂದೂವರೆಗೆ ಸ್ಯಾಂಡಿ ಊರಿನಲ್ಲಿ ಓಟವನ್ನು ಎರಡನೆಯ ವ್ಯಾನಿಗೆ ಒಪ್ಪಿಸುತ್ತದೆ. ಸಂಜೆ ಐದರ ಹೊತ್ತಿಗೆ ಪೋರ್ಟ್‌ಲ್ಯಾಂಡಿನಲ್ಲಿ ಅದನ್ನು ಮರಳಿ ಪಡೆದು, ರಾತ್ರಿ ಹತ್ತೂವರೆಗೆ ಸೇಂಟ್ ಹೆಲೆನ್ಸ್ ಊರಿನ ಬಳಿ ಮತ್ತೆ ಒಪ್ಪಿಸುತ್ತದೆ. ಅಲ್ಲಿಂದ ಎರಡನೆಯ ವ್ಯಾನಿನವರು ನಸುಕಿನ ನಾಲ್ಕರವರೆಗೆ ಕತ್ತಲಲ್ಲಿ ಓಡಿ ಮಿಸ್ಟ್ ಎಂಬ ಹಳ್ಳಿಯನ್ನು ತಲುಪುತ್ತಾರೆ. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಸಮುದ್ರ. ಒಟ್ಟು ಮೂವತ್ತಮೂರು ಗಂಟೆ. ನಡುವೆ ಸಿಗುವ ಐದೂವರೆ ಗಂಟೆಯ ಬಿಡುವಿನಲ್ಲಿ ಊಟ, ಮುಂದಿನ ತಾಣಕ್ಕೆ ಪ್ರಯಾಣ, ವಾಹನ ನಿಲುಗಡೆಯ ಸಾಲು ಇವೆಲ್ಲ ಕಳೆದು, ನಿದ್ದೆಗೆ ಉಳಿಯುವುದು ಎರಡರಿಂದ ಮೂರು ಗಂಟೆ ಮಾತ್ರ.

ಈ ಕಾರಣಕ್ಕಾಗಿಯೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಹನ್ನೆರಡನೆಯ ಓಟಗಾರ ಸಿಗುವ ಮೊದಲೇ ಓಡದ ಇಬ್ಬರು ಚಾಲಕರನ್ನು ಹುಡುಕಿಕೊಳ್ಳಿ. ಎರಡು ಹಂತ ಓಡಿ ಮುಗಿಸಿ, ನಿದ್ದೆಯಿಲ್ಲದೆ, ಕೋಸ್ಟ್ ರೇಂಜಿನ ತಿರುವುಗಳಲ್ಲಿ ನಡುರಾತ್ರಿ ಎರಡು ಗಂಟೆಗೆ ವ್ಯಾನ್ ನಡೆಸುವ ಓಟಗಾರನು ತನಗೂ, ಒಳಗೆ ಮಲಗಿರುವ ಐವರಿಗೂ, ರಸ್ತೆಯಂಚಿನಲ್ಲಿ ಓಡುತ್ತಿರುವ ನೂರಾರು ಜನರಿಗೂ ಅಪಾಯವೇ ಸರಿ. ಅನೇಕ ತಂಡಗಳು ಓಟಗಾರರನ್ನೇ ಚಾಲಕರನ್ನಾಗಿಸುತ್ತವೆ, ಅದಕ್ಕೆ ಅವಕಾಶವೂ ಇದೆ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ತಂಡದಲ್ಲಿ ಒಬ್ಬ ಗೆಳತಿ ಎರಡನೆಯ ವ್ಯಾನಿನ ಹೊಣೆ ಹೊತ್ತು, ಯಾರು ಯಾವಾಗ ತಿಂದರು, ಯಾರ ದೀಪದ ಬ್ಯಾಟರಿ ಎಷ್ಟು ಉಳಿದಿದೆ, ಯಾರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು ಎಂಬುದನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳು ಒಂದು ಹೆಜ್ಜೆಯನ್ನೂ ಓಡಲಿಲ್ಲ, ಆದರೆ ಆ ತಂಡ ಸಮುದ್ರ ಮುಟ್ಟಿದ್ದಕ್ಕೆ ಅವಳಿಗಿಂತ ದೊಡ್ಡ ಕಾರಣ ಬೇರೊಬ್ಬರಿಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ.

ಹಂತಗಳನ್ನು ಹಂಚುವಾಗ ದೂರವನ್ನಷ್ಟೇ ನೋಡಬೇಡಿ. ಮೊದಲ ಹಂತ ಲಾಡ್ಜ್‌ನಿಂದ ಗವರ್ನಮೆಂಟ್ ಕ್ಯಾಂಪ್ ಎಂಬ ಊರಿನ ಕಡೆಗೆ ಐದೂವರೆ ಮೈಲಿ ಚಿಲ್ಲರೆಯಲ್ಲಿ ಸುಮಾರು 2,000 ಅಡಿ ಇಳಿಯುತ್ತದೆ, ಎರಡನೆಯದೂ ಇಳಿಜಾರೇ. ಇಳಿಯುವುದು ಸುಲಭವೆಂದು ಹೊಸಬರಿಗೆ ಇವನ್ನು ಕೊಡುವ ವಾಡಿಕೆಯಿದೆ, ಅದು ಸರಿಯಲ್ಲ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಅದರ ಎಳೆಗಳಿಗೆ ಸಣ್ಣಸಣ್ಣ ಪೆಟ್ಟಾಗುತ್ತದೆ; ಆ ನೋವು ಒಂದೆರಡು ದಿನ ಏರುತ್ತಲೇ ಹೋಗುತ್ತದೆ, ಓಡುವವರಿಗೋ ಇನ್ನೂ ಎರಡು ಹಂತಗಳು ಬಾಕಿ ಇರುತ್ತವೆ. ಮೊಣಕಾಲು ಗಟ್ಟಿಯಿದ್ದು, ಇಳಿಜಾರಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಿಗೇ ಈ ಸ್ಥಾನ ಸಲ್ಲಬೇಕು. ಹಿಲ್ಸ್‌ಬರೊ ಸಮತಟ್ಟಾದ ಊರು, ಹಾಗಾಗಿ ವಾರಕ್ಕೊಮ್ಮೆಯಾದರೂ ಪೋರ್ಟ್‌ಲ್ಯಾಂಡಿನ ಫಾರೆಸ್ಟ್ ಪಾರ್ಕಿಗೋ ಕೌನ್ಸಿಲ್ ಕ್ರೆಸ್ಟಿಗೋ ಹೋಗಿ ಹತ್ತಿ ಇಳಿಯಿರಿ. ಜುಲೈ ತಿಂಗಳಲ್ಲಿ ಶನಿವಾರ ಬೆಳಿಗ್ಗೆ ಒಮ್ಮೆ, ಅದೇ ಸಂಜೆ ಒಮ್ಮೆ, ಭಾನುವಾರ ನಸುಕಿನಲ್ಲಿ ಮತ್ತೊಮ್ಮೆ ಎಂಟೆಂಟು ಕಿಲೋಮೀಟರ್ ಓಡುವ ಅಭ್ಯಾಸವಿರಲಿ. ಬಿಗಿದುಕೊಂಡ ಕಾಲುಗಳಿಂದ ಮತ್ತೆ ಓಟ ಆರಂಭಿಸುವುದನ್ನು ದೇಹ ಕಲಿಯುವುದು ಹಾಗೆಯೇ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ನಿಜಕ್ಕೂ ಆಸರೆ. ಐಸ್ ಪೆಟ್ಟಿಗೆಯಲ್ಲಿಟ್ಟ, ಒಗ್ಗರಣೆ ಕಡಿಮೆಯಿರುವ ಮೊಸರನ್ನ ರಾತ್ರಿಯ ಹಂತಕ್ಕೆ ಎರಡು ಗಂಟೆ ಮೊದಲು ನನಗೆ ಬೇರೆಲ್ಲಕ್ಕಿಂತ ಹಿತವಾಗಿ ಒಗ್ಗಿದೆ. ಬಾಳೆಹಣ್ಣು, ಅವಲಕ್ಕಿ, ಉಪ್ಪು ಬೆರೆಸಿದ ನಿಂಬೆ ಪಾನಕ ಜೊತೆಗಿರಲಿ. ಕರಿದ ತಿಂಡಿಗಳನ್ನು ಸೀಸೈಡ್ ತಲುಪುವವರೆಗೆ ತೆರೆಯಬೇಡಿ.

ರಾತ್ರಿ ಓಡುವಾಗ ಪ್ರತಿಫಲಿಸುವ ಅಂಗಿ, ತಲೆದೀಪ, ಮುಂದೆಯೂ ಹಿಂದೆಯೂ ಮಿನುಗುವ ದೀಪ ಕಡ್ಡಾಯ. ಸೇಂಟ್ ಹೆಲೆನ್ಸ್ ದಾಟಿದ ಮೇಲೆ ಸಿಗುವ ಜಲ್ಲಿ ರಸ್ತೆಗಳಲ್ಲಿ ವ್ಯಾನುಗಳು ಎಬ್ಬಿಸುವ ಧೂಳು ದಟ್ಟವಾಗಿರುವುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಾಗುತ್ತದೆ. ಕಣಿವೆಯಲ್ಲಿ ಮಧ್ಯಾಹ್ನ ಸುಡುವ ಬಿಸಿಲು, ಮಿಸ್ಟ್‌ನಲ್ಲಿ ನಸುಕಿಗೆ ನಡುಗಿಸುವ ಚಳಿ. ಎರಡಕ್ಕೂ ಬಟ್ಟೆ ಬೇಕು. ಆ ಬೆಟ್ಟಗಳ ನಡುವೆ ಮೊಬೈಲ್ ಸಂಕೇತವೂ ಬಹುತೇಕ ಇರುವುದಿಲ್ಲ. ಕೈಗೆ ಸುತ್ತಿಕೊಳ್ಳುವ ಪಟ್ಟಿಯೇ ಇಲ್ಲಿನ ಬೇಟನ್, ಅಂದರೆ ಓಟಗಾರರು ಒಬ್ಬರಿಂದೊಬ್ಬರಿಗೆ ದಾಟಿಸುವ ಗುರುತು. ಅದನ್ನು ಹಿಡಿದು ಬಂದವನಿಗೆ ಮುಂದಿನವನು ಕಾಣದಿದ್ದರೆ ಫೋನ್ ಮಾಡಿ ಹುಡುಕುವ ದಾರಿಯಿಲ್ಲ. ಪ್ರತಿ ಹಂತದ ಅಂದಾಜು ಸಮಯವನ್ನು ಮುದ್ರಿಸಿ ಎರಡೂ ವ್ಯಾನುಗಳಲ್ಲಿ ಅಂಟಿಸಿ, ಅಂದಾಜಿಗಿಂತ ಇಪ್ಪತ್ತು ನಿಮಿಷ ಮೊದಲೇ ಮುಂದಿನವರು ಹಸ್ತಾಂತರದ ಜಾಗದಲ್ಲಿ ನಿಂತಿರಲಿ.

ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಓಡಲು ಮನಸ್ಸಿಲ್ಲದಿದ್ದರೆ, ಪೋರ್ಟ್‌ಲ್ಯಾಂಡಿನಿಂದ ಅದೇ ಸೀಸೈಡಿಗೆ ನಡೆಯುವವರ ರಿಲೇಯೂ ಅದೇ ದಿನಗಳಲ್ಲಿ ಇರುತ್ತದೆ. ವೇಗದ ಬಗ್ಗೆ ನಿಮಗಿರುವ ಅಳುಕನ್ನೂ ಬಿಡಿ. ನೀವು ಕೊಡುವ ಅಂದಾಜು ವೇಗವನ್ನು ನೋಡಿಯೇ ಹೊರಡುವ ಹೊತ್ತನ್ನು ಗೊತ್ತುಮಾಡುತ್ತಾರೆ, ನಿಧಾನದ ತಂಡಗಳು ಮುಂಜಾನೆಯೇ ಹೊರಟುಬಿಡುತ್ತವೆ. ಆದ್ದರಿಂದ ಆ ಅಂದಾಜನ್ನು ಉಬ್ಬಿಸದೆ, ಬಿಸಿಲಿನಲ್ಲಿ ಓಡಿ ಅಳೆದ ವೇಗವನ್ನೇ ಬರೆಯಿರಿ. ಪೋರ್ಟ್‌ಲ್ಯಾಂಡ್ ಸುತ್ತಮುತ್ತಲಿನ ತಂಡಗಳು ಸ್ವಯಂಸೇವಕರನ್ನೂ ಒದಗಿಸಬೇಕಾಗುತ್ತದೆ. ಓಡದ ಮನೆಯವರನ್ನು ಈಗಲೇ ಕೇಳಿಡಿ.