ಬಟವಾಡೆ ದುಡ್ಡು ಹೋದ ಶುಕ್ರವಾರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು, ವಯಸ್ಸು 58. ಮೂರು ವಾರದಿಂದ ನಿದ್ದೆಯಿಲ್ಲ, ಫೋನ್ ರಿಂಗಾದರೆ ಎದೆ ಡವಗುಟ್ಟುತ್ತದೆ, ನೆಂಟರ ಮನೆ ಕಾರ್ಯಕ್ಕೂ ಹೋಗುತ್ತಿಲ್ಲ. ಆಪ್ತಸಮಾಲೋಚನೆಗೆಂದು ನಮ್ಮಲ್ಲಿಗೆ ಕರೆತಂದವರು ಹೆಂಡತಿ. ದುಡ್ಡಿನ ವಿಷಯ ಬಾಯಿಗೆ ಬಂದದ್ದು ಎರಡನೇ ಭೇಟಿಯಲ್ಲಿ.

ಹಣ್ಣು ಕೊಯ್ಲಿನ ಕಾಲ. ಶನಿವಾರದ ಕೂಲಿ ಬಟವಾಡೆಗೆಂದು ಖಾತೆಯಲ್ಲಿ 1,86,000 ರೂಪಾಯಿ ಇತ್ತು. ಶುಕ್ರವಾರ ಸಂಜೆ ಪರಿಚಿತರೊಬ್ಬರ ನಂಬರಿನಿಂದಲೇ ವಾಟ್ಸ್‌ಆ್ಯಪ್‌ಗೆ ‘ಆರ್‌ಟಿಒ ಚಲನ್’ ಫೈಲ್ ಬಂತು. ಜೀಪಿಗೆ ದಂಡ ಬಿದ್ದಿರಬೇಕೆಂದು ಒತ್ತಿದರು. ಫೈಲಿನ ಹೆಸರಿನ ತುದಿಯಲ್ಲಿ ‘.ಎಪಿಕೆ’ (.apk) ಇತ್ತು. ಅದಿದ್ದರೆ ಅದು ರಸೀದಿಯಲ್ಲ, ಆ್ಯಪ್. ‘ಅಪರಿಚಿತ ಮೂಲ’ ಎಂದು ಫೋನ್ ತಡೆದರೂ ‘ಅನುಮತಿಸಿ’ ಒತ್ತಿದರು. ಎಸ್ಸೆಮ್ಮೆಸ್ ಓದಲು ಕೇಳಿತು, ಕೊಟ್ಟರು. ಒಂದು ರೂಪಾಯಿ ಕಟ್ಟಿ ಎಂದ ಪುಟದಲ್ಲಿ ಕಾರ್ಡಿನ ವಿವರ ತುಂಬಿದರು. “ಒಟಿಪಿ ಯಾರಿಗೂ ಹೇಳಿಲ್ಲ” ಎಂದು ಪದೇಪದೇ ಅನ್ನುತ್ತಿದ್ದರು. ನಿಜವೇ, ಬಂದ ಒಟಿಪಿಯನ್ನು ಆ ಆ್ಯಪ್ಪೇ ವಂಚಕನಿಗೆ ದಾಟಿಸುತ್ತಿತ್ತು.

ಹೆಚ್ಚು ಕೊರೆಯುತ್ತಿದ್ದದ್ದು ಮತ್ತೊಂದು. ಅದೇ ಫೈಲ್ ಇವರ ನಂಬರಿನಿಂದ ನೆಂಟರ ಗ್ರೂಪಿಗೂ ಹೋಗಿ, ಭಾವಮೈದುನನ 40,000 ಹೋಗಿತ್ತು. ಮರ್ಯಾದೆಗೆ ಅಂಜಿ, ಸೋಮವಾರ ದೂರು ಕೊಡುವವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಅಷ್ಟರಲ್ಲಿ ದುಡ್ಡು ನಾಲ್ಕಾರು ಖಾತೆ ದಾಟಿತ್ತು.

ಇಂಥವರಿಗೆ ‘ನಿಮ್ಮದೇನೂ ತಪ್ಪಿಲ್ಲ’ ಎಂಬ ಸಮಾಧಾನ ನಾಟುವುದಿಲ್ಲ, ಒತ್ತಿದ ಬೆರಳು ಯಾರದೆಂದು ಅವರಿಗೆ ಗೊತ್ತು. ಹಾಳೆಯಲ್ಲಿ ಎರಡು ಸಾಲು ಬರೆಸಿದೆವು: ನಾನು ಒತ್ತಿದ್ದು, ಅವನು ಕದ್ದದ್ದು. ಆಮೇಲೆ ಗ್ರೂಪಿಗೆ ಅವರದೇ ದನಿಯಲ್ಲಿ ಸಂದೇಶ: “ನನ್ನ ನಂಬರಿಂದ ಬಂದ ಫೈಲ್ ತೆರೀಬೇಡಿ, ತೆರೆದಿದ್ರೆ ಈಗ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.” ಅರ್ಧ ಗಂಟೆಯೊಳಗೆ ಇಬ್ಬರು, ತಮಗೂ ಹೀಗೇ ಆಗಿತ್ತೆಂದು ಉತ್ತರಿಸಿದರು.

ಫೋನ್ ನೋಡಿದರೆ ಆ ಆ್ಯಪ್ ಇನ್ನೂ ಒಳಗೇ ಇತ್ತು! ಪರದೆಯಲ್ಲಿ ಐಕಾನ್ ಕಾಣದು. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಬೇಕು. ತೆಗೆಯಲು ಬಿಡದಿದ್ದರೆ ಮೊದಲು ‘ಡಿವೈಸ್ ಅಡ್ಮಿನ್’ ಅನುಮತಿ ರದ್ದು ಮಾಡಬೇಕು. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅಪರಿಚಿತವಾದುದನ್ನು ಲಾಗೌಟ್ ಮಾಡಿಸಿದೆವು.

ಮನೆಮಂದಿಗೆ ಹೇಳಿದ್ದು: ದುಡ್ಡು ಕಡಿತವಾದ ಸಂದೇಶ ಕಂಡ ಕೂಡಲೇ ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ 1930 ಮತ್ತು ಬ್ಯಾಂಕಿಗೆ ಕರೆ ಮಾಡಿ. ಖಾತೆ ಸಂಖ್ಯೆ, ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಸ್ಕ್ರೀನ್‌ಶಾಟ್ ತೆಗೆಯುವ ಮುನ್ನ ಫೋನ್ ರೀಸೆಟ್ ಬೇಡ, ಸಾಕ್ಷಿ ಅಳಿಯುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕನ ಅಜಾಗ್ರತೆಯಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಹಾಗಾಗಿ ಗಂಟೆಗಂಟೆಗೂ ಬೆಲೆಯಿದೆ.

ಮೂರನೇ ಭೇಟಿಗೆ ಬಂದವರ ಮುಖ ಗೆಲುವಾಗಿತ್ತು. ‘ಸೈಬರ್ ವಿಭಾಗ’ದವನೊಬ್ಬ ಫೋನ್ ಮಾಡಿ, ದುಡ್ಡು ಸಿಕ್ಕಿದೆ, 9,000 ಶುಲ್ಕ ಕಟ್ಟಿ ಅಂದಿದ್ದನಂತೆ. ಗಾಯ ಆರದವರನ್ನೇ ಹುಡುಕಿಕೊಂಡು ಬರುವ ಎರಡನೇ ಮೋಸವಿದು. ತಡೆಹಿಡಿದ ಹಣ ಸಾಮಾನ್ಯವಾಗಿ ಪೊಲೀಸ್ ವರದಿ, ಕೋರ್ಟ್ ಆದೇಶದ ದಾರಿಯಲ್ಲಿ ಬರುತ್ತದೆ. ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ಅಲ್ಲಿಂದಲೇ ಚಿಕ್ಕಮಗಳೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಮಾತಾಡಿಸಿ, ಆ ನಂಬರನ್ನೂ ಹಳೇ ದೂರಿಗೆ ಸೇರಿಸಿದೆವು.