ಹಳೇ ಜೈಲು ಕೆಡವಬೇಕಾ, ಉಳಿಸಬಹುದಾ?

ಪ್ರಶ್ನೆ: ನಮ್ಮ ತಾಲ್ಲೂಕು ಕೇಂದ್ರದಲ್ಲಿ ಬ್ರಿಟಿಷರ ಕಾಲದ ಸಬ್ ಜೈಲು ಇದೆ. ಖಾಲಿಯಾಗಿ ಹದಿನೈದು ವರ್ಷ ಆಯ್ತು. ಕೆಲವರು ಲೈಬ್ರರಿ ಮಾಡಿ ಅಂತಾರೆ, ಕೆಲವರು ಸಮುದಾಯ ಭವನ ಅಂತಾರೆ. ಒಬ್ಬ ಎಂಜಿನಿಯರ್ ಬಂದು ಅರ್ಧ ಗಂಟೆ ನೋಡಿ, ‘ಶಿಥಿಲವಾಗಿದೆ, ಕೆಡವೋದೇ ವಾಸಿ’ ಅಂದುಬಿಟ್ಟರು. ನಿಜಕ್ಕೂ ಉಪಯೋಗಕ್ಕೆ ಬರುತ್ತಾ ಇಲ್ವಾ ಅಂತ ತಿಳಿಯೋದು ಹೇಗೆ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅರ್ಧ ಗಂಟೆಯಲ್ಲಿ ಯಾರಿಗೂ ತಿಳಿಯಲ್ಲ ಸ್ವಾಮಿ. ನಮ್ಮಲ್ಲಿ ‘ಶಿಥಿಲ’ ಅನ್ನೋ ಪದ ತುಂಬಾ ಅಗ್ಗ. ಗಾರೆ ಉದುರಿದರೂ ಶಿಥಿಲ, ಗೋಡೆ ಮೇಲೆ ಅರಳಿ ಗಿಡ ಹುಟ್ಟಿದರೂ ಶಿಥಿಲ.

ಒಂದು ಜೋರು ಮಳೆ ಬಂದ ದಿನ ಒಳಗೆ ಹೋಗಿ. ನೀರು ಎಲ್ಲಿ ಇಳಿಯುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಕಾಲದ ಕಟ್ಟಡ ಅಂದ್ರೆ ಮದ್ರಾಸ್ ತಾರಸಿ ಇರೋ ಸಾಧ್ಯತೆ ಜಾಸ್ತಿ. ಅಂದರೆ ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ತೊಲೆಯ ನಡುಭಾಗ ನೋಡಿ ಮೋಸ ಹೋಗಬೇಡಿ, ಅದು ನೂರು ವರ್ಷ ಆದರೂ ಕಲ್ಲಿನ ಹಾಗಿರುತ್ತೆ. ಗೋಡೆಯೊಳಗೆ ಕೂತ ತುದಿ ಇದೆಯಲ್ಲ, ಕೊಳೆಯೋದು ಅಲ್ಲಿ, ಗೆದ್ದಲು ಹತ್ತೋದೂ ಅಲ್ಲೇ. ಸ್ಕ್ರೂಡ್ರೈವರ್ ಇಟ್ಟು ಒತ್ತಿ. ಸಲೀಸಾಗಿ ಒಳಗೆ ಹೋಯ್ತು ಅಂದರೆ ಆ ತೊಲೆ ಬದಲಿಸಬೇಕು. ಬದಲಿಸಬೇಕಾದ್ದು ತೊಲೆ, ಇಡೀ ಕಟ್ಟಡ ಅಲ್ಲ.

ಗೋಡೆಗೆ ಈಚೆಗೆ ಯಾರಾದರೂ ಸಿಮೆಂಟ್ ಬಳಿದಿದ್ದಾರಾ ನೋಡಿ. ಸುಣ್ಣದ ಗೋಡೆಯ ತೇವ ಆಚೆ ಹೋಗೋಕೆ ದಾರಿ ಬೇಕು. ಸಿಮೆಂಟ್ ಅದನ್ನ ಮುಚ್ಚಿಬಿಡುತ್ತೆ, ಗೋಡೆ ಒಳಗೊಳಗೇ ಪುಡಿಯಾಗುತ್ತೆ. (ಇದನ್ನ ‘ರಿಪೇರಿ’ ಅಂತ ಬಿಲ್ ಮಾಡಿರುತ್ತಾರೆ, ಅದು ಬೇರೆ ಮಾತು.)

ಆಮೇಲೆ ಟೇಪ್ ಹಿಡಿದು ಅಳೆಯಿರಿ. ಸೆಲ್‌ಗಳ ನಡುವಿನ ಗೋಡೆ ಸುಮ್ನೆ ಅಡ್ಡಗೋಡೆ ಅಲ್ಲ, ಸಾಮಾನ್ಯವಾಗಿ ತಾರಸಿ ಹೊತ್ತಿರೋದೇ ಅದು. ಸಮುದಾಯ ಭವನಕ್ಕೆ ದೊಡ್ಡ ಹಾಲ್ ಬೇಕು, ಅಂದರೆ ಅದೇ ಗೋಡೆಗಳನ್ನ ಒಡೀಬೇಕು. ಹಾಗಾಗಿ ಸಮುದಾಯ ಭವನ ಮರೆತುಬಿಡಿ, ಸಣ್ಣ ಕೋಣೆಗಳಿಗೆ ಹೊಂದೋ ಉಪಯೋಗ ಹುಡುಕಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಜೈಲು 1996ರಲ್ಲಿ ಮುಚ್ಚಿತು, ಈಗ ಅದು ಹೋಟೆಲ್. ಅಲ್ಲಿ ಮೂರು ಸೆಲ್ ಸೇರಿಸಿ ಒಂದು ರೂಮ್ ಮಾಡಿದ್ದಾರೆ, ಎರಡರಲ್ಲಿ ಮಂಚ, ಒಂದರಲ್ಲಿ ಬಾತ್‌ರೂಮ್. ಅಮೆರಿಕದ ಬಾಸ್ಟನ್‌ನಲ್ಲಿ 1851ರ ಜೈಲನ್ನ 2007ರಲ್ಲಿ ಹೋಟೆಲ್ ಮಾಡಿದರು, ಆದರೆ ಸುಮಾರು 300 ರೂಮ್‌ಗಳಲ್ಲಿ ಹಳೇ ಜೈಲಿನೊಳಗೆ ಇರೋದು 18 ಮಾತ್ರ. ಉಳಿದವು ಪಕ್ಕದ ಹೊಸ ಕಟ್ಟಡದಲ್ಲಿ. ಹಳೇದರ ಮೇಲೆ ಎಲ್ಲಾ ಭಾರ ಹೇರಲಿಲ್ಲ, ಅದಕ್ಕೇ ಉಳೀತು.

ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನ ಕಥೆ ನಿಮಗೆ ಗೊತ್ತೇ ಇದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜಾಗ. ಕೈದಿಗಳನ್ನ ಪರಪ್ಪನ ಅಗ್ರಹಾರಕ್ಕೆ ಕಳಿಸಿದ ಮೇಲೆ, 2008ರಲ್ಲಿ ಅದೇ ಫ್ರೀಡಂ ಪಾರ್ಕ್ ಆಯ್ತು. ಕಾವಲು ಗೋಪುರ ಉಳಿಸಿಕೊಂಡರು, ಎಲ್ಲವನ್ನೂ ಉಳಿಸಲಿಲ್ಲ.

ನಿಮ್ಮ ಊರಿಗೆ ಲೈಬ್ರರಿನೇ ಸರಿ ಅನ್ನಿಸುತ್ತೆ. ಜೈಲಿನ ಕಿಟಕಿ ಮೇಲಿರುತ್ತೆ, ಕೆಳಗೆ ಉದ್ದಕ್ಕೂ ಗೋಡೆ ಖಾಲಿ, ಬೀರು ಇಡೋಕೆ ಅದಕ್ಕಿಂತ ಇನ್ನೇನು ಬೇಕು? ಬ್ಯಾರಕ್ ಓದೋ ಕೋಣೆಯಾಗುತ್ತೆ, ಸೆಲ್‌ನಲ್ಲಿ ಪರೀಕ್ಷೆಗೆ ಓದೋ ಹುಡುಗರು ಕೂರಬಹುದು. ಮಹಡಿ ಇದ್ದರೆ ಪುಸ್ತಕ ಮಾತ್ರ ಕೆಳಗೇ ಇಡಿ, ತೂಕ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಇನ್ನೊಂದು, ಜೈಲಿಗೆ ಒಂದೇ ಬಾಗಿಲು, ಅದನ್ನ ಕಟ್ಟಿದ್ದೇ ಯಾರೂ ಓಡಿಹೋಗಬಾರದು ಅಂತ ಅಲ್ವಾ? ಬೆಂಕಿ ಬಿದ್ದರೆ ಜನ ಓಡಬೇಕು. ಹಿಂದೆ ಇನ್ನೊಂದು ಬಾಗಿಲು ಆಗಲೇಬೇಕು.

ಜಾಗ ಇನ್ನೂ ಬಂದೀಖಾನೆ ಇಲಾಖೆ ಹೆಸರಲ್ಲೇ ಇದೆಯಾ ಅಂತ ದಾಖಲೆ ತೆಗೆಸಿ ನೋಡಿ. ಆ ಎಂಜಿನಿಯರ್ ಸಾಹೇಬರ ಹತ್ತಿರ ಯಾವ ಗೋಡೆ, ಯಾವ ತೊಲೆ ಶಿಥಿಲ ಅಂತ ಬರಹದಲ್ಲಿ ಕೊಡಿ ಅಂತ ಕೇಳಿ.