ಶಾಸನಕ್ಕೆ ಸೀಮೆಸುಣ್ಣ ಬಳಿಯುವ ಮುನ್ನ

ವರ್ತೂರು ಕಡೆ ಕೆರೆ ಏರಿಯ ರಸ್ತೆಯಂಚಿನಲ್ಲಿ ಸಿಕ್ಕ ಕಲ್ಲಿನ ಫೋಟೋವನ್ನು ಈ ಗುಂಪಿನಲ್ಲಿ ಹಾಕಿ, "ಗಂಗರ ಕಾಲದ ವೀರಗಲ್ಲು, ತಂತಿ ಬ್ರಷ್‌ನಲ್ಲಿ ಉಜ್ಜಿ ಸೀಮೆಸುಣ್ಣ ತುಂಬಿದ್ದೇವೆ, ಯಾರಾದರೂ ಓದಿಕೊಡಿ" ಎಂದು ಕೇಳಿದ್ದೀರಿ. ಓದಲು ಆಗುವುದಿಲ್ಲ ಮೇಡಂ. ಅಲ್ಲಿ ಕಾಣುತ್ತಿರುವುದು ನಿಮ್ಮ ತಂಡದವರ ಕೈಬರಹ. ನಾನೂ ಇದೇ ದಾರಿ ತುಳಿದು ಬಂದವನಾದ್ದರಿಂದ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಸುತ್ತಮುತ್ತಲಿನ ಕಲ್ಲು ಒರಟು ಗ್ರಾನೈಟ್. ಉಳಿಯ ಗೀರು ಯಾವುದು, ಕಲ್ಲಿನದೇ ಕುಳಿ ಯಾವುದು ಎಂದು ಬರಿಗಣ್ಣಿಗೇ ಅನುಮಾನವಾಗುತ್ತದೆ. ಸೀಮೆಸುಣ್ಣ ಹಚ್ಚಿದ ಮೇಲೆ ಎರಡೂ ಒಂದೇ ಬಿಳುಪು. ಮೂರನೆಯ ಸಾಲಿನ ನಡುವೆ ನೀವು 'ವ' ಎಂದು ತಿದ್ದಿರುವುದು 'ಪ' ಆಗಿರಬಹುದು. ಹಳೆಯ ಲಿಪಿಯಲ್ಲಿ ಎಷ್ಟೋ ಕಡೆ ಅವೆರಡರ ನಡುವಿನ ಅಂತರ ಒಂದು ಸಣ್ಣ ಗೀರಿನಷ್ಟೇ. ಆ ಗೀರು ನಿಮ್ಮ ಸುಣ್ಣದ ಕೆಳಗೆ ಇದೆಯೋ ಇಲ್ಲವೋ, ಈಗ ಯಾರು ಹೇಳಬೇಕು? ಮೈದಾ ಹಿಟ್ಟು, ರಂಗೋಲಿ ಪುಡಿ, ವಿಭೂತಿ ಎಲ್ಲವೂ ಇದೇ ಜಾತಿ. ಹಿಟ್ಟಾದರೆ ಇರುವೆಯೂ ಜೊತೆಗೆ ಬರುತ್ತದೆ.

ಬೇಕಾಗಿರುವುದು ಓರೆ ಬೆಳಕು ಮಾತ್ರ. ನಡುಮಧ್ಯಾಹ್ನ ಹೋಗಿ ಫೋಟೋ ತೆಗೆದು "ಅಕ್ಷರ ಸವೆದಿದೆ" ಎನ್ನುವವರೇ ಜಾಸ್ತಿ. ಮನೆಯಿಂದ ಒಂದು ಗೋಡೆಗನ್ನಡಿ ತೆಗೆದುಕೊಂಡು ಹೋಗಿ. ಒಬ್ಬರು ಕೊಡೆ ಹಿಡಿದು ಕಲ್ಲಿಗೆ ನೆರಳು ಮಾಡಲಿ. ಇನ್ನೊಬ್ಬರು ಆರೇಳು ಅಡಿ ದೂರದ ಬಿಸಿಲಿನಲ್ಲಿ ನಿಂತು, ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮುಖ ಸವರಿಕೊಂಡು ಹೋಗುವ ಹಾಗೆ ಪಕ್ಕದಿಂದ ಹಾಯಿಸಲಿ. ಕನ್ನಡಿಯನ್ನು ಕೊಂಚ ತಿರುಗಿಸುತ್ತಿದ್ದಂತೆ ಗೀರಿನ ಒಂದು ದಂಡೆ ಬೆಳಗಿ ಇನ್ನೊಂದು ದಂಡೆ ಕಪ್ಪಾಗುತ್ತದೆ, ಏನೂ ಇಲ್ಲವೆಂದುಕೊಂಡ ಸಾಲು ಎದ್ದು ಬರುತ್ತದೆ. ಆದರೆ ಬೆಳಕು ಹರಿಯುವ ದಿಕ್ಕಿಗೇ ಇರುವ ಗೀರು ಮಾಯವಾಗುತ್ತದೆ. ಎಡದಿಂದ ಬೆಳಕು ಕೊಟ್ಟರೆ ತಲೆಕಟ್ಟು ಕಾಣುವುದಿಲ್ಲ, ಮೇಲಿನಿಂದ ಕೊಟ್ಟರೆ ನಿಂತ ಗೆರೆ ಕಾಣುವುದಿಲ್ಲ. ಹಾಗಾಗಿ ಕ್ಯಾಮೆರಾ ಸ್ಟ್ಯಾಂಡಿನಿಂದ ಕದಲಬಾರದು, ಬೆಳಕು ಮಾತ್ರ ನಾಲ್ಕೂ ಕಡೆಯಿಂದ ಬರಬೇಕು. ರಾತ್ರಿಯಾದರೆ ಟಾರ್ಚ್ ಸಾಕು. ಮೊಬೈಲಿನ ಫ್ಲಾಶ್ ಮಾತ್ರ ಬೇಡವೇ ಬೇಡ, ಅದು ಎದುರಿನಿಂದ ಹೊಡೆದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ.

ತೊಳೆಯಲು ನೀರು ಮತ್ತು ಮೆತ್ತನೆಯ ನೈಲಾನ್ ಬ್ರಷ್ ಸಾಕು. ತೊಳೆದ ಮೇಲೆ ಕಾಯಿರಿ: ಮೇಲ್ಮೈ ಮೊದಲು ಒಣಗುತ್ತದೆ, ಗೀರಿನೊಳಗೆ ತೇವ ಇನ್ನೂ ಉಳಿದಿರುತ್ತದೆ. ಆ ಕೆಲವು ನಿಮಿಷ ಕಪ್ಪು ಅಕ್ಷರ ತಾನೇ ಓದಿಸಿಕೊಳ್ಳುತ್ತದೆ. ಸ್ಕಾಚ್ ಬ್ರೈಟ್ ಬೇಡ. ಹಾರ್ಪಿಕ್ ಸುರಿದವರನ್ನೂ ನೋಡಿದ್ದೇನೆ, ಆ ಪುಣ್ಯಾತ್ಮರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಎನಾಮಲ್ ಬಣ್ಣ ಬಳಿದಿದ್ದರೆ ಕೆರೆಯಲು ಹೋಗಬೇಡಿ. ಅದು ತಿಳಿದವರ ಕೆಲಸ. ಪೂಜೆ ನಡೆಯುತ್ತಿರುವ ಕಲ್ಲಾದರೆ ಊರಿನ ಹಿರಿಯರನ್ನು ಕೇಳದೆ ನೀರನ್ನೂ ಹಾಕಬೇಡಿ.

ನಿಮ್ಮದು ವೀರಗಲ್ಲು ಅಲ್ಲ ಎನ್ನುವುದು ಸೀಮೆಸುಣ್ಣದ ನಡುವೆಯೂ ಕಾಣುತ್ತಿದೆ. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು. ಕಾದಾಡುವವನು ಎಲ್ಲೂ ಇಲ್ಲ. ದಾನ ಶಾಸನವೇ ಇರಬೇಕು. ವೀರಗಲ್ಲು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ದೊಡ್ಡ ಕಲ್ಲನ್ನು ನೋಡಿ ಬನ್ನಿ. ಬೆಂಗಳೂರು ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಶಾಸನ ಬೇಗೂರಿನ ದೇವಸ್ಥಾನದಲ್ಲೇ ಇದೆ. ಎರಡನ್ನೂ ಒಂದೇ ಎಂದು ಬರೆಯುವವರು ದಯವಿಟ್ಟು ನಿಲ್ಲಿಸಿ. ಇನ್ನು, ಅಕ್ಷರ ಅರ್ಥವಾಗದಿದ್ದರೆ ತಕ್ಷಣ "ಹಳಗನ್ನಡ, ಗಂಗರದು" ಎನ್ನಬೇಡಿ. ದೊಮ್ಮಲೂರು, ಮಡಿವಾಳದ ದೇವಸ್ಥಾನಗಳಲ್ಲಿ ತಮಿಳು ಶಾಸನಗಳೂ ಇವೆ.

ಮೊದಲು ಶಾಸನಗಳ ಪಾಠ ಸಂಗ್ರಹಿಸಿರುವ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟ ನೋಡಿ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಸಂಪುಟ ಅದು, ಊರಿನ ಹೆಸರು ಹಿಡಿದು ಹುಡುಕಬಹುದು. ಅದರಲ್ಲಿ ಇಲ್ಲದಿದ್ದರೆ ಕಲ್ಲು ಸುಳ್ಳು ಎಂದೇನಲ್ಲ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂದಿದ್ದೇ 2018ರಲ್ಲಿ, ಚರಂಡಿ ಅಗೆಯುವಾಗ. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ನಮ್ಮ ನಗರದಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲೇ ಹಳೆಯದು ಎಂದು ಈಗ ಹೆಸರಾಗಿದೆ.

ರಸ್ತೆ ಅಗಲವಾಗುತ್ತಿದೆ, ಪಾರ್ಕಿಗೆ ಸಾಗಿಸಿ ಪಕ್ಕದಲ್ಲಿ ಫಲಕ ನೆಡುತ್ತೇವೆ ಎಂದಿದ್ದೀರಿ. ಅವಸರ ಬೇಡ. ಕೆರೆ, ತೂಬು, ಗದ್ದೆಯ ಎಲ್ಲೆ ಎಂದು ಶಾಸನ ಹೇಳುವುದೆಲ್ಲ ಅದು ನಿಂತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮೊದಲು ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ. ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ, ಅವರಿಗೂ ಹೇಳಿ. ಆದರೆ ನಿಖರವಾದ ಜಾಗವನ್ನು ಈ ಗುಂಪಿನಲ್ಲಿ ಹಾಕಲೇಬೇಡಿ. ಅಕ್ಷರವಿರುವ ಕಲ್ಲಿನ ಕೆಳಗೆ ನಿಧಿ ಇದೆ ಎಂದು ಅಗೆಯುವವರು ಇನ್ನೂ ಇದ್ದಾರೆ. ಹಾಕಿರುವ ಮ್ಯಾಪ್ ಕೊಂಡಿಯನ್ನು ಈಗಲೇ ಅಳಿಸಿ.

ಫಲಕದ ಬಗ್ಗೆ ಒಂದು ಮಾತು. ಬೆಂಗಳೂರು ಕೋಟೆಯ ಬಳಿಯ ಬ್ರಿಟಿಷರ ಕಾಲದ ಫಲಕ ನೋಡಿದ್ದೀರಲ್ಲ, 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೆಯಿತು ಎನ್ನುವುದು? ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ (ಕೋಟೆಯ ಮುಖ್ಯಾಧಿಕಾರಿ) ಬಹಾದುರ್ ಖಾನನ ಹೆಸರು ಅದರಲ್ಲಿಲ್ಲ. ನಿಮ್ಮ ಫಲಕದಲ್ಲಿ ಕೆಲಸ ಮಾಡಿಸಿದವರ ಹೆಸರನ್ನು ಸಣ್ಣದಾಗಿ ಹಾಕಿ, ಶಾಸನದ ಪಾಠವನ್ನು ಪೂರ್ತಿ ಕೊಡಿ. ಹೊಳೆಯುವ ಕರಿ ಗ್ರಾನೈಟ್ ಬೇಡ, ಬಿಸಿಲಿಗೆ ಕನ್ನಡಿಯಂತೆ ಮಿನುಗಿ ಓದಲು ಬಿಡುವುದಿಲ್ಲ.

ಈಗಿನ ಸುಣ್ಣವನ್ನು ಬರೀ ನೀರಿನಲ್ಲಿ ತೊಳೆದು, ಹೊಸ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿ ಹಾಳುಮಾಡುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಕಲ್ಲಿನ ಹಿಂಬದಿಯನ್ನೂ ಮರೆಯಬೇಡಿ, ಬರಹ ಅಲ್ಲಿಗೂ ಮುಂದುವರಿದಿರಬಹುದು.